ಪೆಟ್ಟು ತಿಂದವನೇ ಗುರುತಿಸಿದರೂ ಖುಲಾಸೆ ಏಕೆ? (ಪ್ರಶ್ನೋತ್ತರ)

ಪ್ರಶ್ನೆ (ಶ್ರೀನಿವಾಸಪುರ ತಾಲ್ಲೂಕಿನ ಸದಸ್ಯರು):
ಮೇಡಂ, ನಮಸ್ಕಾರ. 2022ರ ಜೂನ್‌ನಲ್ಲಿ ನನ್ನ ತಮ್ಮ ಮಂಡಿಗೆ ಮಾವು ಹಾಕಿ, ಹಣ ಪಡೆದು, ರಾತ್ರಿ ಎಂಟರ ಸುಮಾರಿಗೆ ಬೈಕಿನಲ್ಲಿ ಊರಿಗೆ ಬರುತ್ತಿದ್ದ. ಮೂವರು ಅಡ್ಡಗಟ್ಟಿ, ಹೆಗಲಿಗೆ ಮಚ್ಚು ಬೀಸಿ ಹಣ, ಮೊಬೈಲ್ ಕಿತ್ತುಕೊಂಡರು. ಇಪ್ಪತ್ತು ದಿನಗಳ ನಂತರ ಪೊಲೀಸರು ಮೂವರನ್ನು ಹಿಡಿದು ತಮ್ಮನನ್ನು ಠಾಣೆಗೆ ಕರೆಸಿದರು. ನೋಡಿದ ಕೂಡಲೇ ‘ಇವರೇ’ ಎಂದ. ಕೋರ್ಟಿನಲ್ಲೂ ಬೆರಳು ಮಾಡಿ ತೋರಿಸಿದ. ಆದರೂ ಮೂವರೂ ಖುಲಾಸೆ. ಪೆಟ್ಟು ತಿಂದವನ ಮಾತಿಗೆ ಬೆಲೆಯೇ ಇಲ್ಲವೇ? ನಾನು ಹೈಕೋರ್ಟಿಗೆ ಹೋಗಬಹುದೇ?

ಉತ್ತರ (ಕೋಲಾರದ ವಕೀಲೆ):
ಬೆಲೆ ಇದೆ. ಗಾಯಾಳು ಸ್ಥಳದಲ್ಲಿದ್ದ ಎಂಬುದಕ್ಕೆ ಅವನ ಮೈಮೇಲಿನ ಗಾಯವೇ ಸಾಕ್ಷಿ, ಕಡಿದವನನ್ನು ಬಿಟ್ಟು ಬೇರೆಯವನನ್ನು ಅವನು ಸುಮ್ಮನೆ ಸಿಕ್ಕಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಪಕ್ಕದ ಹೊಲದವನು ಹೊಡೆದಿದ್ದರೆ ಈ ಮಾತು ಸಲೀಸಾಗಿ ಹೊಂದುತ್ತಿತ್ತು. ಅಪರಿಚಿತರಾದಾಗ ಎಷ್ಟೇ ಪ್ರಾಮಾಣಿಕನಾದರೂ ಮುಖ ತಪ್ಪಬಹುದು. ಕೋರ್ಟ್ ತೂಗಿ ನೋಡುವುದು ಅದನ್ನೇ.

ಗುರುತು ಪರೇಡ್, ಅಂದರೆ ಆರೋಪಿಯನ್ನು ಬೇರೆಯವರ ಜೊತೆ ನಿಲ್ಲಿಸಿ ಗುರುತಿಸಲು ಹೇಳುವುದು, ನಡೆಸಲಿಲ್ಲ ಎಂಬ ಒಂದೇ ಕಾರಣಕ್ಕೆ ಕೇಸು ಬೀಳುವುದಿಲ್ಲ. ಪ್ರಮಾಣ ಮಾಡಿ ಕೋರ್ಟಿನಲ್ಲಿ ಗುರುತಿಸುವುದೇ ಮೂಲ ಸಾಕ್ಷ್ಯ, ಪರೇಡ್ ಅದಕ್ಕೆ ಊರುಗೋಲು ಮಾತ್ರ. 2003ರ ಮಲ್ಖಾನ್ ಸಿಂಗ್ ತೀರ್ಪು ಇದನ್ನು ಸ್ಪಷ್ಟಪಡಿಸಿದೆ. ನಿಮ್ಮ ಕೇಸಿಗೆ ಪೆಟ್ಟು ಬಿದ್ದಿರುವುದು ಠಾಣೆಯಲ್ಲಿ. ಬೆಂಚಿನ ಮೇಲೆ ಕೂರಿಸಿದ್ದ ಮೂವರನ್ನು ಒಮ್ಮೆ ನೋಡಿಬಿಟ್ಟ ಮೇಲೆ, ಆ ಮುಖ ರಸ್ತೆಯಲ್ಲಿ ಕಂಡದ್ದೋ ಬೆಂಚಿನ ಮೇಲೆ ಕಂಡದ್ದೋ ಎಂದು ಸ್ವತಃ ನಿಮ್ಮ ತಮ್ಮನೇ ಬಿಡಿಸಿ ಹೇಳಲಾರ. ಅದೇ ವಯಸ್ಸಿನ, ಅದೇ ಮೈಕಟ್ಟಿನ ಹಲವರ ನಡುವೆ ನಿಲ್ಲಿಸಿ ತಹಶೀಲ್ದಾರರ ಎದುರು ಗುರುತಿಸಲು ಹೇಳಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಂಥ ಅವಸರದಿಂದ ಹಾಳಾದ ಕೇಸುಗಳನ್ನು ನೋಡಿ ನೋಡಿ ನನಗೂ ಬೇಸರವಾಗಿದೆ.

ಒಂದು ವಿಷಯ ತಿಳಿಸಿ. ಅಲ್ಲಿ ಬೆಳಕು ಯಾವುದಿತ್ತು?

ಪ್ರಶ್ನೆ ಕೇಳಿದವರು:
ಬೀದಿದೀಪ ಇರಲಿಲ್ಲ ಮೇಡಂ. ತಮ್ಮನ ಬೈಕಿನ ಹೆಡ್‌ಲೈಟ್. ದೂರಿನಲ್ಲಿ ‘ಒಬ್ಬನ ಎಡ ಹುಬ್ಬಿನ ಮೇಲೆ ಗಾಯದ ಗುರುತು’ ಎಂದು ಬರೆಸಿದ್ದ.

ಉತ್ತರ:
ಹುಬ್ಬಿನ ಗುರುತು ಮೊದಲ ದೂರಿನಲ್ಲೇ ಇದ್ದರೆ ಅದು ಬಂಗಾರ. ಬಂಧನಕ್ಕೆ ಮುಂಚೆ ಬರೆದದ್ದು ಎಂಬುದರಿಂದ, ಠಾಣೆಯಲ್ಲಿ ನೋಡಿ ಹೇಳಿದ ಎಂಬ ವಾದ ಅವನೊಬ್ಬನ ಮಟ್ಟಿಗೆ ಸಡಿಲವಾಗುತ್ತದೆ.

ಹೆಡ್‌ಲೈಟ್ ವಿಷಯಕ್ಕೆ ಬರೋಣ. ಅದರ ಬೆಳಕು ಎದುರಿಗೆ ನಿಂತವನ ಮೇಲೆ ಬೀಳುತ್ತದೆ. ಪಕ್ಕದಿಂದ ಮಚ್ಚು ಬೀಸಿದವನ ಮುಖಕ್ಕೆ ಬೀಳುವುದಿಲ್ಲ. 2017ರ ಏಪ್ರಿಲ್ ನಂತರದ ಗಾಡಿಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ದೀಪ ಉರಿಯುತ್ತದೆ, ನಿಂತರೆ ಆರುತ್ತದೆ. ಬೈಕ್ ಉರುಳಿದಾಗ ಎಂಜಿನ್ ನಿಂತಿತೇ? ಪಾಟಿ ಸವಾಲಿನಲ್ಲಿ ತಮ್ಮ ಏನು ಹೇಳಿದ್ದಾನೆ, ಸ್ಥಳ ಮಹಜರಿನಲ್ಲಿ ಬೆಳಕಿನ ಬಗ್ಗೆ ಒಂದಾದರೂ ಸಾಲು ಇದೆಯೇ, ನೋಡಿ. ಮೇಲ್ಮನವಿಯಲ್ಲಿ ನ್ಯಾಯಮೂರ್ತಿಗಳು ನಿಮ್ಮ ತಮ್ಮನನ್ನು ಕರೆಸಿ ಕೇಳುವುದಿಲ್ಲ. ಅವರ ಮುಂದಿರುವುದು ಕಡತ ಮಾತ್ರ. ಹೆಚ್ಚುವರಿ ಸಾಕ್ಷ್ಯಕ್ಕೆ ಅವಕಾಶವಿದ್ದರೂ, ತನಿಖೆಯ ತೂತು ಮುಚ್ಚಲು ಅದನ್ನು ಕೊಡುವುದಿಲ್ಲ.

ಮತ್ತೊಬ್ಬ ಸದಸ್ಯರು (ಮಾಲೂರು):
ಹಾಗಾದರೆ ಹೈಕೋರ್ಟಿಗೆ ಹೋಗಿಯೂ ಪ್ರಯೋಜನವಿಲ್ಲ ಎಂದಾಯಿತಲ್ಲ ಮೇಡಂ?

ಉತ್ತರ:
ಹಾಗೆ ಹೇಳಲಿಲ್ಲ. ಹೈಕೋರ್ಟ್ ಇಡೀ ಸಾಕ್ಷ್ಯವನ್ನು ಮೊದಲಿನಿಂದ ತೂಗಬಹುದು. ಆದರೆ ನಮ್ಮ ರಾಜ್ಯದ್ದೇ ಆದ 2007ರ ಚಂದ್ರಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಖುಲಾಸೆಯಾದವನ ನಿರಪರಾಧಿತ್ವದ ಊಹೆ ಇನ್ನಷ್ಟು ಗಟ್ಟಿಯಾಗಿರುತ್ತದೆ. ಅದೇ ಸಾಕ್ಷ್ಯದಿಂದ ಎರಡು ತೀರ್ಮಾನಗಳು ಸಮಂಜಸವಾಗಿ ಹೊರಡುವುದಾದರೆ ಕೆಳಗಿನ ತೀರ್ಪನ್ನು ಕದಲಿಸುವುದಿಲ್ಲ. ಅದಕ್ಕೇ ‘ನಮ್ಮ ಹುಡುಗ ಸತ್ಯ ಹೇಳಿದ್ದಾನೆ’ ಎಂಬ ವಾದವೊಂದೇ ಸಾಲದು. ಮುಖದ ಆಚೆಗೆ ಏನಾದರೂ ಬೇಕು. ಮೊಬೈಲ್ ಸಿಕ್ಕಿತೇ?

ಪ್ರಶ್ನೆ ಕೇಳಿದವರು:
ಹುಬ್ಬಿನ ಗುರುತು ಇರುವವನೇ ತನ್ನ ಮನೆಯ ಅಟ್ಟದಿಂದ ತೆಗೆದುಕೊಟ್ಟನಂತೆ. ಆದರೆ ಜಪ್ತಿಗೆ ಸಾಕ್ಷಿಯಾಗಿದ್ದ ಇಬ್ಬರು ಪಂಚರೂ ಕೋರ್ಟಿನಲ್ಲಿ ತಿರುಗಿಬಿದ್ದರು.

ಉತ್ತರ:
ಇದನ್ನು ಮೊದಲೇ ಹೇಳಬಾರದಿತ್ತೇ! ಪಂಚರು ಪ್ರತಿಕೂಲವಾದ ಮಾತ್ರಕ್ಕೆ ಜಪ್ತಿ ಬಿದ್ದುಹೋಗುವುದಿಲ್ಲ. ತನಿಖಾಧಿಕಾರಿಯ ಸಾಕ್ಷ್ಯ ನಂಬಲರ್ಹವಾಗಿದ್ದರೆ ಅದೊಂದರಿಂದಲೇ ಜಪ್ತಿ ಸಾಬೀತಾಗಬಹುದು. ಮೊಬೈಲ್ ಡಬ್ಬಿಯ ಮೇಲೆ 15 ಅಂಕಿಯ ಐಎಂಇಐ ಸಂಖ್ಯೆ, ಅಂದರೆ ಆ ಫೋನಿನದೇ ಗುರುತಿನ ಸಂಖ್ಯೆ, ಇರುತ್ತದೆ. ಜಪ್ತಿ ಮಹಜರಿನಲ್ಲಿ ಅದೇ ಸಂಖ್ಯೆ ಬರೆದು, ಡಬ್ಬಿ ಅಥವಾ ಬಿಲ್ಲನ್ನು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಗುರುತು ಮಾಡಿಸಿದ್ದರೆ ಅವನೊಬ್ಬನ ವಿರುದ್ಧವಾದರೂ ಗಟ್ಟಿ ನೆಲವಿದೆ. ಉಳಿದಿಬ್ಬರ ಬಗ್ಗೆ ನನಗೆ ಹೆಚ್ಚಿನ ಭರವಸೆಯಿಲ್ಲ, ಸುಳ್ಳು ಆಸೆ ಹುಟ್ಟಿಸಲಾರೆ.

ಇನ್ನು ಹೋಗಬೇಕಾದವರು ನೀವಲ್ಲ, ನಿಮ್ಮ ತಮ್ಮ. ಸಂತ್ರಸ್ತರಿಗೆ ಖುಲಾಸೆಯ ವಿರುದ್ಧ ಮೇಲ್ಮನವಿ ಸಲ್ಲಿಸುವ ಹಕ್ಕು 2009ರ ಕೊನೆಯಿಂದ ಇದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 372ನೇ ಕಲಂ, ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 413. ಅದಕ್ಕೆ ಹೈಕೋರ್ಟಿನ ಮುಂಚಿತ ಅನುಮತಿ ಬೇಕಿಲ್ಲ ಎಂದು 2018ರ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಸರ್ಕಾರ ಹಾಕುತ್ತದೆ ಎಂದು ಕಾಯುತ್ತ ಕೂರಬೇಡಿ. ತೀರ್ಪಿನ ಜೊತೆಗೆ ತಮ್ಮನ ಮತ್ತು ತನಿಖಾಧಿಕಾರಿಯ ಸಾಕ್ಷ್ಯ, ದೂರು, ಜಪ್ತಿ ಮಹಜರು, ಇವುಗಳ ದೃಢೀಕೃತ ನಕಲಿಗೆ ನಾಳೆಯೇ ಅರ್ಜಿ ಹಾಕಿಸಿ.

ಪ್ರಶ್ನೆ ಕೇಳಿದವರು:
ಆಗಲಿ ಮೇಡಂ. ಡಬ್ಬಿ ಮನೆಯ ಬೀರುವಿನಲ್ಲೇ ಇದೆ. ಪೊಲೀಸರು ಕೇಳಲೇ ಇಲ್ಲ.

ಉತ್ತರ:
ಅಯ್ಯೋ. ಹಾಗಾದರೆ ಬಿಲ್ಲಾದರೂ ಕಡತದಲ್ಲಿದೆಯೇ ಎಂದು ಮೊದಲು ನೋಡಿ, ಆಮೇಲೆ ಮಾತನಾಡೋಣ. ಡಬ್ಬಿಯನ್ನು ಮಾತ್ರ ಎಸೆಯಬೇಡಿ.