ರೆಕ್ಕೆಯ ಸೂರ್ಯ, ಪಿರಮಿಡ್ ಮತ್ತು ಬೈಬಲ್ ವಿದ್ಯಾರ್ಥಿಗಳು: ಇದು ವಿಗ್ರಹಾರಾಧನೆಯೇ?

ಪ್ರಶ್ನೆ

ಚಾರ್ಲ್ಸ್ ಟೇಜ್ ರಸಲ್ ಅವರು ಅಮೆರಿಕದ ಪಿಟ್ಸ್‌ಬರ್ಗ್ ಪ್ರದೇಶದಲ್ಲಿ ಆರಂಭಿಸಿದ ಬೈಬಲ್ ವಿದ್ಯಾರ್ಥಿಗಳ ಚಳವಳಿಯ ಹಳೆಯ ಪ್ರಕಟಣೆಗಳನ್ನು ಓದುತ್ತಿದ್ದೇನೆ. ಅವರ ಗ್ರಂಥಸಂಪುಟಗಳ ಕೆಲವು ಮುದ್ರಣಗಳ ರಟ್ಟಿನ ಮೇಲೆ ಈಜಿಪ್ಟಿನ ದೇವಾಲಯಗಳಲ್ಲಿ ಕಾಣುವಂಥ ರೆಕ್ಕೆಯ ಸೂರ್ಯಬಿಂಬವಿದೆ, ಅವರ ಕಾವಲಿನಬುರುಜು (ವಾಚ್ ಟವರ್) ಪತ್ರಿಕೆಯ ಮುಖಪುಟದಲ್ಲಿ ಕಿರೀಟದೊಳಗೆ ಶಿಲುಬೆಯಿದೆ, ರಸಲ್ಲರ ಸಮಾಧಿಯ ಸಮೀಪದಲ್ಲಿ ಕಲ್ಲಿನ ಪಿರಮಿಡ್ಡೇ ನಿಂತಿತ್ತು. ಇದೇ ಚಳವಳಿಯಿಂದ ಬೆಳೆದ ಯೆಹೋವನ ಸಾಕ್ಷಿಗಳು ಮುಂದೆ ಶಿಲುಬೆ, ಕ್ರಿಸ್ಮಸ್ ಎರಡನ್ನೂ ಅನ್ಯಜನರ ಆಚಾರಗಳೆಂದು ತೊರೆದರು. ಹಾಗಾದರೆ ಅವರ ಹಿರಿಯರನ್ನು ವಿಗ್ರಹಾರಾಧಕರೆನ್ನಬೇಕೇ?

ಮೊದಲ ಉತ್ತರ

ಸೂರ್ಯಬಿಂಬದ ಮಟ್ಟಿಗೆ ಆ ಆರೋಪ ನಿಲ್ಲುವುದಿಲ್ಲ. ಧರ್ಮಸೂರ್ಯನು ಮೂಡುವನು, ಅವನ ರೆಕ್ಕೆಗಳಲ್ಲಿ ಸ್ವಸ್ಥತೆಯಿರುವುದು ಎಂಬ ಬೈಬಲಿನ ಮಲಾಕಿಯ 4:2ರ ಮಾತೇ ಆ ಚಿತ್ರಕ್ಕೆ ಆಧಾರ. ಚಿತ್ರದ ಮೂಲ ಈಜಿಪ್ಟ್ ಎಂಬುದು ನಿಜವಾದರೂ, ಯೆಹೂದದ ಅರಸ ಹಿಜ್ಕೀಯನ ಮುದ್ರೆಯನ್ನು ಒಮ್ಮೆ ನೆನೆಯಿರಿ. ಜೆರುಸಲೇಮಿನ ಉತ್ಖನನದಲ್ಲಿ ದೊರೆತು 2015ರಲ್ಲಿ ಪ್ರಕಟವಾದ ಅವನ ಮಣ್ಣಿನ ಮುದ್ರೆಯಲ್ಲಿ ಅವನ ಹೆಸರಿನ ಜೊತೆಗೆ ರೆಕ್ಕೆಯ ಸೂರ್ಯನೂ ಈಜಿಪ್ಟಿನ ಜೀವಚಿಹ್ನೆಯೂ ಇವೆ. ಮೋಶೆ ಮಾಡಿಸಿದ ತಾಮ್ರದ ಸರ್ಪಕ್ಕೆ ಜನರು ಧೂಪ ಹಾಕುತ್ತಿದ್ದರೆಂದು ಅದನ್ನು ಒಡೆಸಿಹಾಕಿದವನೂ ಇದೇ ಹಿಜ್ಕೀಯ (2 ಅರಸುಗಳು 18:4). ದೇವರ ಅಪ್ಪಣೆಯಿಂದಲೇ ಆದ ವಸ್ತು ಪೂಜೆಗೊಳಗಾದಾಗ ನಾಶವಾಯಿತು, ಅನ್ಯದೇಶದ ಚಿತ್ರವೊಂದು ಮುದ್ರೆಯಾಗಿ ಉಳಿಯಿತು. ರಸಲ್ಲರ ಓದುಗರು ಪುಸ್ತಕದ ರಟ್ಟಿಗೆ ಧೂಪ ಹಾಕಿದವರಲ್ಲ.

ಎರಡನೆಯ ಉತ್ತರ

ಮೇಲಿನ ವಿವರಣೆ ಸೂರ್ಯಬಿಂಬಕ್ಕೆ ಒಪ್ಪುತ್ತದೆ, ಆದರೆ ಪಿರಮಿಡ್ಡಿನ ವಿಷಯ ಅಷ್ಟು ಹಗುರವಲ್ಲ. ಅದು ಕೇವಲ ಅಲಂಕಾರವಾಗಿರಲಿಲ್ಲ. ಸ್ಕಾಟ್ಲೆಂಡಿನ ರಾಜಖಗೋಳಜ್ಞರಾಗಿದ್ದ ಚಾರ್ಲ್ಸ್ ಪಿಯಾಝಿ ಸ್ಮಿತ್ ಅವರ ಅಳತೆಗಳನ್ನು ನೆಚ್ಚಿಕೊಂಡು, ಯೆಶಾಯ 19:19ರಲ್ಲಿ ಹೇಳಿರುವ ಐಗುಪ್ತದ (ಈಜಿಪ್ಟಿನ) ಯಜ್ಞವೇದಿಯು ಗೀಝಾದ ಮಹಾಪಿರಮಿಡ್ಡೇ ಎಂದು ರಸಲ್ 1891ರ ಮೂರನೆಯ ಸಂಪುಟದಲ್ಲಿ ವಾದಿಸಿದರು, ಮತ್ತು ಅದರ ಒಳದಾರಿಗಳ ಒಂದೊಂದು ಅಂಗುಲವನ್ನೂ ಒಂದೊಂದು ವರ್ಷವೆಂದು ಎಣಿಸಿದರು. ಹಳೆಯ ಮುದ್ರಣದಲ್ಲಿ 3416 ಅಂಗುಲವಿದ್ದ ಒಂದು ಅಳತೆ ಮುಂದಿನ ಮುದ್ರಣದಲ್ಲಿ 3457 ಆಯಿತು, ಅದು ಸೂಚಿಸುತ್ತಿದ್ದ ವರ್ಷವೂ 1874ರಿಂದ 1915ಕ್ಕೆ ಸರಿಯಿತು. ಕಲ್ಲು ಬೆಳೆಯುವುದಿಲ್ಲವಲ್ಲ! ಇಲ್ಲಿ ಯಾರೂ ಪಿರಮಿಡ್ಡಿಗೆ ಅಡ್ಡಬೀಳಲಿಲ್ಲ, ಒಪ್ಪುತ್ತೇನೆ. ಆದರೆ ಶಾಸ್ತ್ರವೊಂದೇ ಸಾಕೆಂದು ಸಾರುತ್ತಿದ್ದ ಚಳವಳಿಯು ಅನ್ಯಧರ್ಮೀಯ ಅರಸನ ಗೋರಿಯನ್ನು ಆ ಶಾಸ್ತ್ರಕ್ಕೆ ಸಾಕ್ಷಿಯಾಗಿ ಕರೆದು, ಬಯಸಿದ ಉತ್ತರವನ್ನು ಅದರ ಬಾಯಲ್ಲಿ ಹೇಳಿಸಿತು. ನನ್ನ ದೃಷ್ಟಿಯಲ್ಲಿ ರಟ್ಟಿನ ಮೇಲಿನ ಯಾವ ಚಿತ್ರಕ್ಕಿಂತಲೂ ಇದು ದೊಡ್ಡ ತಪ್ಪು. ರಸಲ್ಲರ ಉತ್ತರಾಧಿಕಾರಿ ರದರ್‌ಫರ್ಡ್ 1928ರಲ್ಲಿ ಈ ಬೋಧನೆಯನ್ನು ಕೈಬಿಟ್ಟು, ಪಿರಮಿಡ್ಡಿನ ಹಿಂದೆ ಸೈತಾನನ ಕೈಯಿದೆ ಎನ್ನುವವರೆಗೂ ಹೋದರು.

ಮೂರನೆಯ ಉತ್ತರ

ಎರಡು ಸಣ್ಣ ಸೇರ್ಪಡೆಗಳು. ಸಮಾಧಿಯ ಬಳಿಯ ಪಿರಮಿಡ್ ರಸಲ್ಲರ ಗೋರಿಕಲ್ಲಲ್ಲ. ಅವರು 1916ರಲ್ಲಿ ತೀರಿಕೊಂಡ ಮೇಲೆ ಚಳವಳಿಯ ವಾಚ್ ಟವರ್ ಸಂಸ್ಥೆ ನಿಲ್ಲಿಸಿದ ಸ್ಮಾರಕ ಅದು, ಅವರ ಗೋರಿಕಲ್ಲು ಬೇರೆಯೇ ಇದೆ. ಸ್ಮಾರಕವನ್ನು 2021ರಲ್ಲಿ ತೆಗೆದುಹಾಕಲಾಯಿತು. ಇನ್ನು ಶಿಲುಬೆ-ಕಿರೀಟದ ಚಿಹ್ನೆಯನ್ನು ಫ್ರೀಮೇಸನ್ನರೆಂಬ ಗುಪ್ತಸಂಘದ ಒಂದು ಶಾಖೆಯೂ ಬಳಸುತ್ತದೆಂಬ ಕಾರಣಕ್ಕೆ ರಸಲ್ ಆ ಸಂಘದವರೆಂದು ಹೇಳುವವರಿದ್ದಾರೆ. ಅದೇ ಚಿಹ್ನೆ ಕ್ರಿಶ್ಚಿಯನ್ ಸೈನ್ಸ್ ಪಂಥದ ಮುದ್ರೆಯಲ್ಲೂ ಇದೆ, ಆದ್ದರಿಂದ ಈ ತರ್ಕವನ್ನು ಹಿಡಿದು ಹೋದರೆ ಯಾರನ್ನು ಬೇಕಾದರೂ ಯಾವ ಸಂಘಕ್ಕೆ ಬೇಕಾದರೂ ಸೇರಿಸಬಹುದು. ಆ ಚಿಹ್ನೆ ಪತ್ರಿಕೆಯ ಮುಖಪುಟದಿಂದ 1931ರಲ್ಲಿ ಮರೆಯಾಯಿತು, ಶಿಲುಬೆಯ ಬೋಧನೆಯನ್ನೇ ತೊರೆದದ್ದು 1936ರಲ್ಲಿ. ರದರ್‌ಫರ್ಡ್ ಅವರ ಕಾಲದಲ್ಲಿ ಬೇರೆಯಾಗಿ ಹೋದ ಬೈಬಲ್ ವಿದ್ಯಾರ್ಥಿಗಳ ಕೆಲವು ಗುಂಪುಗಳು ಇಂದಿಗೂ ಆ ಚಿಹ್ನೆಯನ್ನು ಇಟ್ಟುಕೊಂಡಿವೆ.