ದವಡೆ ಕಟಕ್ ಅನ್ನುತ್ತೆ, ನೋವೂ ಇದೆ. ಯಾರಿಗಾದರೂ ಹೀಗಾಗಿತ್ತಾ?

ಪ್ರಶ್ನೆ: ಎರಡು ತಿಂಗಳಿಂದ ಬಾಯಿ ತೆರೆದಾಗಲೆಲ್ಲ ಬಲಗಿವಿಯ ಮುಂದೆ ಕಟಕ್ ಅಂತ ಸದ್ದು. ಈಗ ಅಗಿಯುವಾಗ ನೋವೂ ಶುರುವಾಗಿದೆ. ಕಿವಿ ಡಾಕ್ಟರು ಕಿವಿಯಲ್ಲಿ ಏನೂ ಇಲ್ಲ ಅಂದರು. ಏನಿರಬಹುದು?

ಉತ್ತರ: ಅಕ್ಕ, ನನಗೂ ಹೀಗೇ ಆಗಿತ್ತು. ಕಿವಿನೋವು ಅಂದುಕೊಂಡು ವಾರವೆಲ್ಲ ಬಿಸಿ ಎಣ್ಣೆ ಬಿಟ್ಟುಕೊಂಡೆ. ನೀವು ಆ ಕೆಲಸ ಮಾಡಬೇಡಿ. ಕೊನೆಗೆ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಅವರು ಎರಡೂ ಕಿವಿಗಳ ಮುಂದೆ ಬೆರಳಿಟ್ಟು, ನಿಧಾನವಾಗಿ ಬಾಯಿ ತೆರೆದು ಮುಚ್ಚಿ ಅಂದರು. ಸದ್ದು ಅವರ ಬೆರಳಿಗೇ ಸಿಕ್ಕಿತು. ಅಲ್ಲಿರುವುದು ದವಡೆಯ ಕೀಲು. ಎರಡು ಮೂಳೆಗಳ ನಡುವೆ ಚಿಕ್ಕ ಮೆತ್ತೆಯ ಹಾಗೆ ಒಂದು ಡಿಸ್ಕ್ ಇರುತ್ತದೆ. ಅದು ಮುಂದಕ್ಕೆ ಜಾರಿದ್ದರೆ, ಬಾಯಿ ತೆರೆದಾಗ ಮತ್ತೆ ಜಾಗಕ್ಕೆ ಬಂದು ಕೂರುತ್ತೆ. ಆ ಸದ್ದೇ ಕಟಕ್. ನೋವಿಲ್ಲದೆ ಬರೀ ಸದ್ದಿದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗಲ್ಲ.

ನನ್ನ ನೋವಿಗೆ ಕಾರಣ ನಿದ್ದೆಯಲ್ಲಿ ಹಲ್ಲು ಕಡಿಯುವುದು. ನನಗದು ಗೊತ್ತೇ ಇರಲಿಲ್ಲ. ಕೋರೆಹಲ್ಲಿನ ತುದಿ ಸವೆದು ಚಪ್ಪಟೆಯಾಗಿದ್ದನ್ನು ಡಾಕ್ಟರು ಕನ್ನಡಿ ಹಿಡಿದು ತೋರಿಸಿದರು. ಬೆಳಿಗ್ಗೆ ಏಳುವಾಗ ನಿಮ್ಮ ಕೆನ್ನೆ ಬಿಗಿದುಕೊಂಡಿರುತ್ತಾ, ನೋಡಿಕೊಳ್ಳಿ. ನನಗೆ ಅಳತೆ ತೆಗೆದು ನೈಟ್ ಗಾರ್ಡ್, ಅಂದರೆ ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಕವಚ, ಮಾಡಿಕೊಟ್ಟರು. ಒಂದು ತಿಂಗಳು ಚಕ್ಕುಲಿ, ಕಬ್ಬು ಎಲ್ಲ ಬಂದ್. ಮುದ್ದೆ ಹೇಗೂ ನುಂಗುವುದು, ಅಗಿಯುವ ಕೆಲಸವೇ ಇಲ್ಲ ಅಲ್ವಾ! ದಿನಾ ಎರಡು ಹೊತ್ತು ಬಿಸಿನೀರಲ್ಲಿ ಹಿಂಡಿದ ಬಟ್ಟೆಯ ಶಾಖ. ಆಕಳಿಕೆ ಬಂದರೆ ಗಲ್ಲದ ಕೆಳಗೆ ಕೈ ಕೊಡುತ್ತಿದ್ದೆ, ಬಾಯಿ ಜಾಸ್ತಿ ತೆರೆಯದ ಹಾಗೆ. ನೋವು ಹೋಯಿತು. ಸದ್ದು ಈಗಲೂ ಇದೆ.

ಇನ್ನೊಬ್ಬರು: ಸದ್ದು ಇದ್ದಕ್ಕಿದ್ದಂತೆ ನಿಂತು, ಬಾಯಿ ಪೂರ್ತಿ ತೆರೆಯೋಕೆ ಆಗದಿದ್ದರೆ ವಾಸಿಯಾಯಿತು ಅಂದುಕೊಳ್ಳಬೇಡಿ. ಡಿಸ್ಕ್ ಜಾಗಕ್ಕೆ ವಾಪಸ್ ಬರದೆ ಕೀಲು ಹಿಡಿದುಕೊಂಡಿರಬಹುದು. ತಡ ಮಾಡದೆ ತೋರಿಸಿ. ಸಾಮಾನ್ಯವಾಗಿ ದೊಡ್ಡವರ ಬಾಯಿಗೆ ಅವರದೇ ಮೂರು ಬೆರಳು ಒಂದರ ಮೇಲೊಂದು ಹಿಡಿಯಬೇಕು. ನನ್ನ ಭಾವನಿಗೆ ಒಂದೂವರೆ ಬೆರಳೂ ಹೋಗುತ್ತಿರಲಿಲ್ಲ. ಖಾರ ಬಾಯಿಗಿಟ್ಟರೆ ಉರಿ. ಅವರದು ಕೀಲಿನ ತೊಂದರೆಯೇ ಅಲ್ಲ, ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದು ಕೆನ್ನೆಯ ಒಳಪದರ ಗಟ್ಟಿಯಾಗಿತ್ತು. ಅದು ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ಮನೆಯಲ್ಲಿ ಜಗಿಯುವವರಿದ್ದರೆ ಇವತ್ತೇ ಬೆರಳಿಟ್ಟು ನೋಡಿ. ಅಂದ ಹಾಗೆ, ಬುದ್ಧಿಹಲ್ಲು ಅಡ್ಡ ಬೆಳೆದಿದ್ದರೂ, ಕೀಲುವಾತ ಇದ್ದರೂ ದವಡೆ ನೋಯುತ್ತೆ.

ಮತ್ತೊಬ್ಬರು: ಒಂದು ಮಾತು ಕೇಳ್ತೀನಿ ಅಕ್ಕ. ನೋವು ಅಗಿಯುವಾಗ ಮಾತ್ರವೇ, ಅಥವಾ ನಡೆಯುವಾಗಲೂ ಬರುತ್ತಾ? ನಮ್ಮ ಅಪ್ಪನಿಗೆ ಮೆಟ್ಟಿಲು ಹತ್ತಿದಾಗ ಕೆಳದವಡೆ ನೋಯುತ್ತಿತ್ತು, ಕೂತರೆ ಹೋಗುತ್ತಿತ್ತು. ಹಲ್ಲು ಕೀಳಿಸೋಕೆ ಹೊರಟಿದ್ದರು. ಇಸಿಜಿ ತೆಗೆಸಿದ ಮೇಲೆ ಗೊತ್ತಾಯಿತು, ಅದು ಹೃದಯದ ನೋವು. ದವಡೆ ನೋವಿನ ಜೊತೆ ಬೆವರು, ಎದೆ ಬಿಗಿತ, ಉಸಿರು ಕಟ್ಟೋದು ಇದ್ದರೆ ಹಲ್ಲಿನ ಡಾಕ್ಟರ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.