ಬೂಟ್ ಆಗುವಾಗ ಎನ್‌ಎಫ್‌ಎಸ್ ಮೌಂಟ್ ಆಗುವುದಿಲ್ಲ, ಲಾಗಿನ್ ಆದ ಮೇಲೆ ಆಗುತ್ತದೆ

ಕಡತಗಾರ:
ನನ್ನ ಲಿನಕ್ಸ್ ಯಂತ್ರ ಬೂಟ್ ಆದಾಗಲೆಲ್ಲ, ಎನ್‌ಎಫ್‌ಎಸ್ (ಜಾಲದ ಮೂಲಕ ಫೋಲ್ಡರ್ ಹಂಚುವ ವಿಧಾನ) ಮೂಲಕ ಮೌಂಟ್ ಆಗಬೇಕಾದ, ಅಂದರೆ ಜೋಡಣೆಯಾಗಬೇಕಾದ, ಸರ್ವರ್‌ನ ಫೋಲ್ಡರ್ ಖಾಲಿಯಾಗಿರುತ್ತದೆ; ಲಾಗಿನ್ ಆಗಿ ‘ಮೌಂಟ್ -ಎ’ (ಪಟ್ಟಿಯಲ್ಲಿರುವುದನ್ನೆಲ್ಲ ಮೌಂಟ್ ಮಾಡುವ ಆದೇಶ) ಕೊಟ್ಟರೆ ತಕ್ಷಣ ತುಂಬಿಕೊಳ್ಳುತ್ತದೆ. ರಾತ್ರಿಯ ಬ್ಯಾಕಪ್ ಆ ಖಾಲಿ ಫೋಲ್ಡರ್‌ಗೇ ಬರೆದು ಸ್ಥಳೀಯ ಡಿಸ್ಕ್ ಭರ್ತಿಯಾಗುತ್ತಿರುವುದರಿಂದ ರೋಸಿಹೋಗಿದ್ದೇನೆ. ಸೆಟ್ಟಿಂಗ್‌ನಲ್ಲಿ ವಿಶೇಷವೇನೂ ಇಲ್ಲ.

ಬೇರುಬಳಕೆದಾರ:
ಮೌಂಟ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ‘_ನೆಟ್‌ಡೆವ್’ (ಈ ಮೌಂಟ್‌ಗೆ ನೆಟ್‌ವರ್ಕ್ ಬೇಕು ಎನ್ನುವ ಆಯ್ಕೆ) ಸೇರಿಸಿ.

ಕಡತಗಾರ:
ಸೇರಿಸಿದರೂ ವ್ಯತ್ಯಾಸವಿಲ್ಲ.

ಬೇರುಬಳಕೆದಾರ:
ನಾಲ್ಕನೆಯ ಕಾಲಂನಲ್ಲೇ ಸೇರಿಸಿದ್ದೀರಾ? ಅಲ್ಪವಿರಾಮದ ನಂತರ ಜಾಗ ಬಿಟ್ಟರೆ ಇಡೀ ಸಾಲು ಕೆಡುತ್ತದೆ. ನನ್ನ ಎಲ್ಲ ಯಂತ್ರಗಳೂ ಈ ಆಯ್ಕೆಯ ಮೇಲೆಯೇ ನಡೆಯುತ್ತಿವೆ.

ಜಾಲನೋಟ:
ಎನ್‌ಎಫ್‌ಎಸ್‌ಗೆ ಅದರ ಅಗತ್ಯವಿಲ್ಲ. ಬೂಟ್ ಮತ್ತು ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿ ಫೈಲ್‌ಸಿಸ್ಟಮ್‌ನ ಬಗೆಯನ್ನು ನೋಡಿಯೇ ಮೌಂಟನ್ನು ‘ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’ (ನೆಟ್‌ವರ್ಕ್ ಸಿದ್ಧ ಎಂಬ ಹಂತ) ನಂತರಕ್ಕೆ ಇಡುತ್ತದೆ. ಐಸ್ಕಸಿ ಡಿಸ್ಕ್ (ಜಾಲದ ಮೂಲಕ ಸಿಗುವ ಡಿಸ್ಕ್) ಮೇಲಿನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್‌ನಂತಹ, ಹೆಸರಿನಿಂದ ಗುರುತು ಸಿಗದ ಕಡೆ ಮಾತ್ರ ಆ ಆಯ್ಕೆ ಬೇಕಾಗುತ್ತದೆ. ಲಾಗ್ ಏನೆನ್ನುತ್ತದೆ? ಐಪಿ ಸ್ಥಿರವೋ, ಡಿಎಚ್‌ಸಿಪಿಯಿಂದ (ವಿಳಾಸವನ್ನು ತಾನಾಗಿ ಹಂಚುವ ವ್ಯವಸ್ಥೆ) ಬರುವುದೋ?

ಬೇರುಬಳಕೆದಾರ:
ಅಗತ್ಯವಿಲ್ಲದಿರಬಹುದು, ಆದರೆ ಬರೆದಿಟ್ಟರೆ ಓದುವವರಿಗೆ ಉದ್ದೇಶ ತಿಳಿಯುತ್ತದೆ ಎಂಬ ನನ್ನ ನಿಲುವು ಬದಲಾಗುವುದಿಲ್ಲ.

ಕಡತಗಾರ:
ಸರ್ವರ್ ಹೆಸರನ್ನು ಐಪಿಗೆ ಬಿಡಿಸಲು ತಾತ್ಕಾಲಿಕವಾಗಿ ಆಗಲಿಲ್ಲ ಎಂದು ಲಾಗ್ ಹೇಳುತ್ತದೆ. ಐಪಿ ಸ್ಥಿರವಾದದ್ದು. ನಡುವೆ ಒಂದು ಮ್ಯಾನೇಜ್ಡ್ ಸ್ವಿಚ್ ಇದೆ, ಅದರ ಸೆಟ್ಟಿಂಗ್ ಮುಟ್ಟಿಲ್ಲ.

ಜಾಲನೋಟ:
ಹಾಗಾದರೆ ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀ (ಎಸ್‌ಟಿಪಿ, ಜಾಲದಲ್ಲಿ ಸುತ್ತುದಾರಿ ಆಗದಂತೆ ತಡೆಯುವ ವ್ಯವಸ್ಥೆ) ನೋಡಿ. ಹಳೆಯ ಬಗೆಯ ಎಸ್‌ಟಿಪಿಯಲ್ಲಿ ಕೇಬಲ್‌ನ ದೀಪ ಹೊತ್ತಿಕೊಂಡರೂ ಪೋರ್ಟ್ 15 ಸೆಕೆಂಡು ಆಲಿಸುವ, ಮತ್ತೆ 15 ಸೆಕೆಂಡು ಕಲಿಯುವ ಸ್ಥಿತಿಯಲ್ಲಿದ್ದು, ಆ ಅರ್ಧ ನಿಮಿಷ ಒಂದು ಪ್ಯಾಕೆಟ್ಟನ್ನೂ ದಾಟಿಸುವುದಿಲ್ಲ. ಡಿಎಚ್‌ಸಿಪಿ ಇದ್ದಿದ್ದರೆ ವಿಳಾಸ ಸಿಗುವವರೆಗೆ ಬೂಟ್ ತಾನಾಗಿಯೇ ಕಾಯುತ್ತಿತ್ತು. ಸ್ಥಿರ ಐಪಿಯಲ್ಲಿ ಲಿಂಕ್ ಬಂದೊಡನೆ ವಿಳಾಸವೂ ಸಿದ್ಧವಿರುವುದರಿಂದ, ಹೆಸರನ್ನು ಐಪಿಗೆ ಬಿಡಿಸುವ ಡಿಎನ್‌ಎಸ್ ಇನ್ನೂ ಕೈಗೆಟುಕದಿದ್ದರೂ ನೆಟ್‌ವರ್ಕ್ ಸಿದ್ಧವೆಂದು ಸಿಸ್ಟಮ್‌ಡಿ ನಂಬುತ್ತದೆ. ನೀವು ಲಾಗಿನ್ ಆಗುವ ವೇಳೆಗೆ ಪೋರ್ಟ್ ತೆರೆದಿರುತ್ತದೆ. ಆ ಪೋರ್ಟನ್ನು ಎಡ್ಜ್ ಪೋರ್ಟ್ (ಹೀಗೆ ಕಾಯದೆ ತಕ್ಷಣ ತೆರೆಯುವ ಪೋರ್ಟ್) ಮಾಡಿ, ಆದರೆ ಅದಕ್ಕೆ ಇನ್ನೊಂದು ಸ್ವಿಚ್ ಜೋಡಿಸಬೇಡಿ.

ಬೇರುಬಳಕೆದಾರ:
ಎಫ್‌ಎಸ್‌ಟ್ಯಾಬ್‌ನಲ್ಲಿ ‘ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್’ ಆಯ್ಕೆ ಹಾಕಿದರೆ ಸ್ವಿಚ್ ಮುಟ್ಟುವುದೇ ಬೇಡ, ಫೋಲ್ಡರ್ ಮೊದಲು ಬಳಸಿದಾಗ ಮೌಂಟ್ ಆಗುತ್ತದೆ.

ಜಾಲನೋಟ:
ಒಪ್ಪುತ್ತೇನೆ, ಆದರೆ ಬೂಟ್ ಆದೊಡನೆ ಆ ಫೋಲ್ಡರನ್ನು ಮುಟ್ಟುವ ಸರ್ವಿಸ್ ಇದ್ದರೆ ಅದೇ ತೊಂದರೆ ಮರುಕಳಿಸುತ್ತದೆ.

ಕಡತಗಾರ:
ಎಡ್ಜ್ ಪೋರ್ಟ್ ಮಾಡಿದ ಮೇಲೆ ಬೂಟ್‌ನಲ್ಲೇ ಮೌಂಟ್ ಆಯಿತು. ಧನ್ಯವಾದಗಳು. ಆದರೆ ಮೌಂಟ್ ಎಂದಾದರೂ ತಪ್ಪಿದರೆ ಬ್ಯಾಕಪ್ ಮತ್ತೆ ಸ್ಥಳೀಯ ಡಿಸ್ಕ್‌ಗೇ ಬರೆಯುವುದಿಲ್ಲವೇ?

ಜಾಲನೋಟ:
ಬ್ಯಾಕಪ್ ಸರ್ವಿಸ್‌ನ ಯೂನಿಟ್ ಫೈಲಿನಲ್ಲಿ (ಸಿಸ್ಟಮ್‌ಡಿ ಓದುವ ಅದರ ಸೆಟ್ಟಿಂಗ್ ಕಡತ) ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಎಂದು ಬರೆದು ಆ ಫೋಲ್ಡರ್‌ನ ಪಾಥ್ ಕೊಡಿ. ಮೌಂಟ್ ವಿಫಲವಾದರೆ ಸರ್ವಿಸ್ ಆರಂಭವಾಗುವುದೇ ಇಲ್ಲ.